ಕಣಜದ ಬಾಯಿ

ನಮ್ಮ ಬಸವಕಲ್ಯಾಣದ ಮನೆಯ ಪಡಸಾಲೆಗೆ ಮಧ್ಯಾಹ್ನದ ಹೊತ್ತು ಒಂದು ಬೆಳಕಿನ ಚುಕ್ಕೆ ಬರುತ್ತದೆ. ಮಾಡಿನ ತಗಡಿನಲ್ಲಿ ಯಾರೋ ಎಂದೋ ಹೊಡೆದು ಕಿತ್ತ ಮೊಳೆಯ ತೂತು ಅದು. ಚುಕ್ಕೆ ಮೊದಲು ಗೋಡೆಯ ಬುಡದಲ್ಲಿ ಕಾಣಿಸಿಕೊಂಡು, ನೆಲದ ಮೇಲೆ ಮೆಲ್ಲಗೆ ತೆವಳಿ, ಜೋಳ ಹಸನು ಮಾಡುತ್ತ ಕೂತ ನನ್ನ ಮೊರದೊಳಗೆ ಬಂದು ಕೂಡುತ್ತದೆ. ಮೊನ್ನೆ ಅದನ್ನು ಹರಳೆಂದು ತಿಳಿದು ಆರಿಸಿ ಎಸೆಯಲು ಹೋದೆ. ಮೊಮ್ಮಗಳು ಸಾಕ್ಷಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ ಬಿಡಿ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವ ಮುದುಕಿಗೆ ನಗುವವರು ಇರಲೇಬೇಕು.

ಮಕ್ಕಳೇ, ನಿಮ್ಮಪ್ಪ ಏಣಿ ತಂದು ಆ ತೂತನ್ನು ಮುಚ್ಚಲು ಹೊರಟಾಗ ನಾನು ಬೇಡವೆಂದೆ.

"ಅವ್ವಾ, ಪತ್ರಾ ಕೆಲಸದವನ ಮನಿ ಪತ್ರಾನೇ ತೂತ ಅಂದ್ರ ಮಂದಿ ನಗ್ತಾರ," ಎಂದ.

"ಮಳಿಗಾಲಕ್ಕ ಇನ್ನಾ ಟೈಮ್ ಅದ. ಇರ್ಲಿ ಬಿಡು."

"ಯಾಕ ಆಯಿ? ಆ ತೂತಿನಾಗ ನಿಂದೇನ್ ಅದ?" ಎಂದು ಓಂಕಾರ ಕೇಳಿದ.

ಏನು ಹೇಳಲಿ? ತಲೆ ತಗ್ಗಿಸಿ ಜೋಳ ಕೇರತೊಡಗಿದೆ. ನಾನು ಮೊದಲಿನಿಂದಲೂ ಹೀಗೇ. ಎದುರಿಗೆ ಕೂತು ಯಾರಾದರೂ ನನ್ನ ಮುಖ ನೋಡಿದರೆ ಮುಗಿಯಿತು. ಸ್ವಂತ ಮೊಮ್ಮಕ್ಕಳಾದರೂ ಅಷ್ಟೇ. ಬೇಮಳಖೇಡದ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆದಾಗ ನಾನು "ಬಂದೀನ್ರಿ" ಎನ್ನುತ್ತಿದ್ದುದು ನನ್ನ ಪಕ್ಕದವಳಿಗೂ ಕೇಳುತ್ತಿರಲಿಲ್ಲ. ದಿನವೂ ಶಾಲೆಗೆ ಹೋಗಿ ಗೈರುಹಾಜರಾದವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು. ಆದರೆ ಅಲ್ಲಿ ಕಲಿತ ಅಕ್ಷರ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಗದ ಮುಖ ನೋಡುವುದಿಲ್ಲವಲ್ಲ.

ನಾನು ಸೊಸೆಯಾಗಿ ಹೋದದ್ದು ಹುಮನಾಬಾದಿಗೆ. ಹಳೆಯ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಬೇವಿನ ಮರದ ಹಿತ್ತಲು. ತಗಡಿಗೆ ನಮ್ಮ ಕಡೆ ಪತ್ರಾ ಎನ್ನುವುದರಿಂದ ನಮ್ಮ ಮಾವ, ಅಂದರೆ ನಿಮ್ಮ ಮುತ್ಯಾನ ಅಪ್ಪ, ಊರಿಗೆಲ್ಲ ಪತ್ರಾ ಮಾಸ್ತರ್ ಆಗಿದ್ದರು. ಮುತ್ಯಾ, ಅಂದರೆ ನನ್ನ ಗಂಡ, ಅವರ ಕೈಕೆಳಗೇ ಕಲಿತವರು. ಕಾಳು ತುಂಬುವ ಕಣಜ, ಮದುಮಗಳ ಟ್ರಂಕು, ಹಿಟ್ಟಿನ ಡಬ್ಬಿ, ಚಿಮಣಿ ಎಣ್ಣೆ ಸುರಿಯುವ ಲಾಳಿಕೆ, ಬೇಸಿಗೆ ಬಂತೆಂದರೆ ಕೂಲರಿನ ಡಬ್ಬ, ಎಲ್ಲವೂ ಆ ಅಂಗಡಿಯಲ್ಲಿ ಹುಟ್ಟುತ್ತಿದ್ದವು.

ಪತ್ರಾ ಕೆಲಸ ಎಂದರೆ ಬಡಿಯುವುದು ಎಂದು ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದಿರಬೇಕು. ಅಲ್ಲ. ಬಡಿಯುವುದು ಕಡೆಗೆ. ಮೊದಲು ಮಾವ ಸಪಾಟು ಹಾಳೆಯನ್ನು ನೆಲಕ್ಕೆ ಹಾಸಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಸುಮ್ಮನೆ ನೋಡುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನೋಡಿ, ಇವರಿಗೆ ನಿದ್ದೆ ಬಂದಿರಬೇಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಆ ಹಾಳೆಯೊಳಗಿನ ಲಾಳಿಕೆಯನ್ನು ಬಿಚ್ಚಿ ಹಾಸಿ ನೋಡುತ್ತಿದ್ದರು. ದುಂಡಗಿನದು ಸಪಾಟಾದರೆ ಹೇಗಿರುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಕೂಡುತ್ತದೆ, ಮಡಿಕೆಗೆ ಎಷ್ಟು ಅಂಚು ಬಿಡಬೇಕು. ಕುಪ್ಪಸ ಕತ್ತರಿಸುವಾಗ ಹೊಲಿಗೆಗೆ ಬಟ್ಟೆ ಬಿಡುವುದಿಲ್ಲವೇ, ಹಾಗೆ. ಕುಪ್ಪಸ ಬಿಗಿಯಾದರೆ ಬಿಚ್ಚಿ ಹೊಲಿಯಬಹುದು. ಪತ್ರಾಕ್ಕೆ ಆ ದಯೆಯಿಲ್ಲ.

ಗೆರೆ ಎಳೆಯಲು ಅವರು ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಮುತ್ಯಾ ಒಮ್ಮೆ ಪೆನ್ಸಿಲ್ ತಂದದ್ದಕ್ಕೆ ಬೈಸಿಕೊಂಡಿದ್ದರು.

"ಪೆನ್ಸಿಲ್ ಗೆರಿಗೆ ದಪ್ಪ ಇರ್ತದ. ನೀ ಗೆರಿಯ ಎಡಕ್ಕ ಕತ್ತರಸ್ತಿಯೋ, ಬಲಕ್ಕ ಕತ್ತರಸ್ತಿಯೋ? ಮೊಳಿ ತಗೋ. ಮೊಳಿ ಗೆರಿ ಒಂದೇ ಮಾತ ಹೇಳ್ತದ."

ಹಾಗೆ ಮೊಳೆಯಿಂದ ಗೀರಿ, ಕತ್ತರಿಸಿ, ಅಂಚನ್ನು ಮಡಚಿ, ಎದುರಿನ ಅಂಚನ್ನು ತಿರುಗುಮುರುಗಾಗಿ ಮಡಚಿ, ಎರಡು ಕೈಯ ಬೆರಳು ಕೊಕ್ಕೆ ಹಾಕಿದಂತೆ ಒಂದರೊಳಗೊಂದು ಸಿಕ್ಕಿಸಿ, ಆಮೇಲೆ ಕಟ್ಟಿಗೆಯ ಕೊಡತಿಯಿಂದ ಬಡಿಯುತ್ತಿದ್ದರು. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಪತ್ರಾ ಹಿಗ್ಗಿ ಸೊಟ್ಟಗಾಗುತ್ತದೆ. ಅಂಗಡಿಯಲ್ಲಿ ಕೊಡತಿಯ ಸದ್ದು, ಒಲೆಯ ಮುಂದೆ ನನ್ನ ರೊಟ್ಟಿಯ ಸದ್ದು. ಎಷ್ಟೋ ಸಲ ಅವೆರಡೂ ಒಂದೇ ತಾಳಕ್ಕೆ ಬಂದುಬಿಡುತ್ತಿದ್ದವು. ಆಗ ನನಗೆ ಯಾರೋ ನೋಡಿದರೆಂಬಂತೆ ನಾಚಿಕೆಯಾಗಿ, ಬೇಕೆಂದೇ ತಾಳ ತಪ್ಪಿಸಿ ರೊಟ್ಟಿ ಬಡಿಯುತ್ತಿದ್ದೆ.

ಆ ಮನೆಯವರು ನನ್ನನ್ನು ನೋಡಲು ಬಂದ ದಿನದ ಕಥೆ ಹೇಳಬೇಕು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೇನು, ಕಸೂತಿ ಬರುತ್ತದೇನು ಎಂದು ಕೇಳುತ್ತಾರೆ. ನಮ್ಮ ಅತ್ತೆ ಏನೂ ಕೇಳಲಿಲ್ಲ. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಈ ಭುಜದಿಂದ ಆ ಭುಜಕ್ಕೆ ಗೇಣು ಹಾಕಿ ಅಳೆದು, ಮಾವನ ಕಡೆ ನೋಡಿ ತಲೆಯಾಡಿಸಿದರು. "ಕುಪ್ಪಸಾ ಹೊಲಸಾಕ ಬೇಕಾಗ್ತದಲ್ಲವ್ವ," ಎಂದರು. ನಮ್ಮವ್ವ ಹಿಗ್ಗಿಹೋದಳು. ಇನ್ನೂ ಮಾತುಕತೆ ಆಗಿಲ್ಲ, ಆಗಲೇ ಕುಪ್ಪಸದ ಅಳತೆ ತೆಗೆದುಕೊಂಡರಲ್ಲ, ಎಂಥ ದೊಡ್ಡ ಮನಸ್ಸಿನ ಮಂದಿ ಎಂದು ಓಣಿಯೆಲ್ಲ ಹೇಳಿ ಬಂದಳು. ಮದುವೆಯಾಯಿತು. ಕುಪ್ಪಸ ಮಾತ್ರ ಬರಲಿಲ್ಲ.

ಅದು ಕಣಜದ ಬಾಯಿಯ ಅಳತೆಯಾಗಿತ್ತು.

ಕಣಜಕ್ಕೆ ಮೇಲೊಂದು ದುಂಡು ಬಾಯಿ, ಅದಕ್ಕೊಂದು ಮುಚ್ಚಳ. ಬಾಯಿ ಚಿಕ್ಕದಿದ್ದಷ್ಟೂ ಕಾಳಿಗೆ ಕ್ಷೇಮ. ಆದರೆ ಕಣಜ ಮಾಡಿ ಮುಗಿದ ಮೇಲೆ ಎಲ್ಲಿಯಾದರೂ ಬೆಸುಗೆ ಬಿಟ್ಟಿದೆಯೇ ಎಂದು ನೋಡಬೇಕು. ಬೇರೆಯವರು ನೀರು ತುಂಬಿ ನೋಡುತ್ತಿದ್ದರಂತೆ. ಮಾವನಿಗೆ ಅದು ಸೇರದು. ನೀರು ಹನಿಯುವ ತೂತೇ ಬೇರೆ, ಹುಳ ಹೋಗುವ ತೂತೇ ಬೇರೆ ಎನ್ನುತ್ತಿದ್ದರು. "ಬೆಳಕ ಹೋಗೋ ಜಾಗಾದಾಗ ಹುಳಾ ಹೋಗ್ತದ" ಎಂಬುದು ಅವರ ಮಾತು. ಹೀಗಾಗಿ ಕಣಜವನ್ನು ಹಿತ್ತಲ ಬಿಸಿಲಲ್ಲಿ ಗೋಣಿಚೀಲದ ಮೇಲೆ ಅಡ್ಡ ಮಲಗಿಸಿ, ಮನೆಯವರೊಬ್ಬರು ಅದರೊಳಗೆ ನುಸುಳಿ ಕೂಡಬೇಕು. ಹೊರಗಿನಿಂದ ಮುಚ್ಚಳ ಹಾಕುತ್ತಾರೆ. ಒಳಗೆ ಗವ್ವೆನ್ನುವ ಕತ್ತಲೆ. ಎಲ್ಲಿ ಬೆಸುಗೆ ಬಿಟ್ಟಿದೆಯೋ ಅಲ್ಲಿ ಸಾಸಿವೆಯಷ್ಟು ಬೆಳಕು ಹೊಳೆಯುತ್ತದೆ. ಒಳಗಿದ್ದವರು ಅಲ್ಲಿ ಬೆರಳಿನಿಂದ ಕುಟ್ಟಬೇಕು. ಹೊರಗಿದ್ದವರು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ, ಗುರುತು ಮಾಡಿದೆ ಎನ್ನಲು ತಿರುಗಿ ಕುಟ್ಟಬೇಕು. ಮನೆಯಲ್ಲಿ ಇದಕ್ಕೆ ಚುಕ್ಕಿ ನೋಡುವುದು ಎನ್ನುತ್ತಿದ್ದರು. ನಾನು ಬರುವವರೆಗೆ ಅತ್ತೆಯೇ ಚುಕ್ಕಿ ನೋಡುತ್ತಿದ್ದವರು.

"ಈಗ ನಾ ಒಳಗ ಹೋದ್ರ ತಿರುಗಿ ಬರೋದಿಲ್ಲವ್ವ. ಕಣಜಾನೇ ಸೀರಿ ಹಂಗ ಉಟಗೊಂಡ ಬರಬೇಕಾಗ್ತದ," ಎಂದು ತಮ್ಮ ಮೈಯನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತ ನನ್ನ ಬೆನ್ನು ತಟ್ಟಿ ಕಳಿಸಿದರು.

ಸೆರಗು ಸುತ್ತಿ ಸಿಕ್ಕಿಸಿಕೊಂಡು, ಮೊದಲು ತಲೆ, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು ಎಂದು ಬೆಕ್ಕಿನ ಹಾಗೆ ನುಸುಳಿದೆ. ಮುಚ್ಚಳ ಬಿತ್ತು. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೇಗೆ ಹೇಳಲಿ ನಿಮಗೆ? ಅತ್ತೆ, ಮಾವ, ಮೈದುನಂದಿರು, ನಾದಿನಿ, ಬರುವವರು ಹೋಗುವವರು ತುಂಬಿದ ಆ ಮನೆಯಲ್ಲಿ ನಾನು ಒಬ್ಬಳೇ ಕೂತದ್ದು ಅದೇ ಮೊದಲು. ಸುತ್ತಲೂ ಕತ್ತಲೆ, ನಡುನಡುವೆ ಹಗಲು ನಕ್ಷತ್ರಗಳು. ಯಾರೂ ನೋಡುತ್ತಿಲ್ಲ. ಕಾಲು ಚಾಚಿಕೊಂಡು ಕೂತುಬಿಟ್ಟೆ.

ಹೊರಗೆ ಸೀಮೆಸುಣ್ಣ ಹಿಡಿದು ನಿಂತವರು ನಿಮ್ಮ ಮುತ್ಯಾ.

"ಒಳಗ ಸೆಕಿ ಆಗಾಕತ್ತದೇನು?" ಎಂದು ಕೇಳಿದರು.

ಮದುವೆಯಾಗಿ ಅಷ್ಟು ದಿನವಾದರೂ ನಾವು ಸರಿಯಾಗಿ ಮಾತಾಡಿರಲಿಲ್ಲ. ಹಗಲಲ್ಲಿ ಹಿರಿಯರ ಎದುರು ಗಂಡಹೆಂಡತಿ ಮಾತಾಡುವ ಪದ್ಧತಿಯಿಲ್ಲ. ಕತ್ತಲಾದ ಮೇಲೆ ಪಿಸುಗುಟ್ಟಿದರೂ ಆಚೆ ಮಲಗಿದ ನಾದಿನಿ ಕೆಮ್ಮುತ್ತಿದ್ದಳು. ಹಾಗಾದರೆ ಅಪ್ಪ ಹೇಗೆ ಹುಟ್ಟಿದ ಎಂದು ಓಂಕಾರ ಕೇಳಿಯಾನು. ಅದನ್ನು ನಾನು ಬರೆಯುವುದಿಲ್ಲ. ಅಂತೂ ಎದುರಿಗೆ ಮುಖವಿದ್ದರೆ ನನಗೆ ದನಿಯೇ ಬರುತ್ತಿರಲಿಲ್ಲ. ಅವತ್ತು ಮುಖವಿರಲಿಲ್ಲ, ಪತ್ರಾ ಇತ್ತು.

"ಸೆಕಿ ಅದರಿ. ಆದ್ರ ಛಲೋ ಅದರಿ," ಎಂದೆ.

ನನ್ನ ದನಿ ಕಣಜದೊಳಗೆ ಸುತ್ತು ಹೊಡೆದು ಗುಂಯ್ ಎಂದು ನನ್ನ ಕಿವಿಗೇ ಬಂತು. ಅಬ್ಬಾ, ಇಷ್ಟು ದೊಡ್ಡ ದನಿ ನನ್ನದೇ! ಹೊರಗೆ ಮುತ್ಯಾ ನಕ್ಕದ್ದು ಕೇಳಿಸಿತು. ಅಂಗಡಿಯಲ್ಲಿ ಮಾವ ಕೊಡತಿ ಬಡಿಯುತ್ತಿದ್ದರಿಂದ ನಮ್ಮ ಮಾತು ಮೂರನೆಯವರಿಗೆ ಮುಟ್ಟುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಕಣಜ ಬಂದಾಗೊಮ್ಮೆ ನಮ್ಮ ಮಾತು. ನಾನು ತವರಿನ ಸುದ್ದಿ ಹೇಳಿದೆ, ಶಾಲೆಯ ಹಾಜರಿಯ ಕಥೆ ಹೇಳಿದೆ, ಬೇಳೆಗೆ ಉಪ್ಪು ಹೆಚ್ಚಾದದ್ದು ನನ್ನಿಂದಲ್ಲ ನಾದಿನಿಯಿಂದ ಎಂದು ಹೇಳಿದೆ. ಅವರು ಅಪ್ಪ ಬೈದದ್ದು ಹೇಳಿದರು, ಕಲ್ಯಾಣದ ಕೋಟೆ ತೋರಿಸುತ್ತೇನೆ ಎಂದರು, ನನ್ನ ರೊಟ್ಟಿಯ ತಾಳ ಯಾಕೆ ನಡುವೆ ತಪ್ಪುತ್ತದೆ ಎಂದು ಕೇಳಿದರು. ನಾನು ಒಳಗೆ ಕೆಂಪಾದದ್ದನ್ನು ನೋಡಲು ಯಾರಿದ್ದರು? ನಡುನಡುವೆ ಚುಕ್ಕಿಯನ್ನೂ ನೋಡುತ್ತಿದ್ದೆವು. ಕೆಲಸ ಬಿಟ್ಟವಳಲ್ಲ ನಾನು.

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು: "ಕಣಜಾ ಒಂದು, ತೂತ ಎಷ್ಟರೇ ಅವನೋ? ಜರಡಿ ಮಾಡಿ ಕೊಟ್ಟಾರೇನ್ ನಿಮ್ಮಪ್ಪ?"

ಹೀಗಿರುವಾಗ ನನಗೆ ದಿನ ತಪ್ಪಿದವು.

ಹೊಸ ಸೊಸೆಗೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಆದರೆ ನನಗೆ ಸಂತೋಷದ ಬೆನ್ನ ಹಿಂದೆಯೇ ಇನ್ನೊಂದು ಬಂದು ನಿಂತಿತು. ಹೇಳಿದರೆ ಕಣಜದೊಳಗೆ ಬಿಡುವುದಿಲ್ಲ. ಹೇಳದಿದ್ದರೂ ಹೊಟ್ಟೆ ಬಂದ ಮೇಲೆ ಆ ಬಾಯಿಯಲ್ಲಿ ನಾನು ಹಿಡಿಯುವುದಿಲ್ಲ. ನಾದಿನಿ ಸಣ್ಣಗಿದ್ದಳು, ಆ ಕೆಲಸ ಅವಳ ಪಾಲಾಗುತ್ತದೆ. ಆಮೇಲೆ ನಾನು ಮುತ್ಯಾನೊಂದಿಗೆ ಎಲ್ಲಿ ಮಾತಾಡಲಿ? ಮತ್ತೆ ಹಾಜರಿಯಿದ್ದೂ ಗೈರುಹಾಜರಾದ ಹುಡುಗಿಯೇ ಆಗಬೇಕಲ್ಲ. ಇದನ್ನು ಯೋಚಿಸಿ ಯೋಚಿಸಿ, ಯಾರಿಗೂ ಹೇಳದೆ ದಿನ ದೂಡಿದೆ.

ಕೊಡಂಬಲದ ಒಬ್ಬ ರೈತರಿಗೆ ತೊಗರಿ ತುಂಬಲು ದೊಡ್ಡ ಕಣಜವೊಂದು ತಯಾರಾಯಿತು. ಇವತ್ತು ಮುತ್ಯಾನಿಗೆ ಹೇಳಿಬಿಡೋಣ, ಅವರೇ ಏನಾದರೂ ದಾರಿ ಹುಡುಕಲಿ ಎಂದು ಗಟ್ಟಿಮನಸ್ಸು ಮಾಡಿ ಒಳಗೆ ನುಸುಳಿದೆ. ಮುಚ್ಚಳ ಬಿತ್ತು. ಒಂದೆರಡು ಚುಕ್ಕಿಗೆ ಕುಟ್ಟಿದೆ. ಹೊರಗಿನಿಂದ ಉತ್ತರ ಬಂತು. ಇನ್ನೂ ಒಂದಕ್ಕೆ ಕುಟ್ಟಿದೆ. ಸ್ವಲ್ಪ ತಡವಾಗಿ ಸೀಮೆಸುಣ್ಣ ಗೀರಿದ ಸದ್ದು, ಆಮೇಲೆ ತಿರುಗಿ ಕುಟ್ಟಿದ ಸದ್ದು. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ.

"ಕೇಳ್ರಿ. ನನಗ ದಿನಾ ಹೋಗ್ಯಾವರಿ. ಅತ್ತಿಗಿ ಹೇಳಿಲ್ಲ. ಹೇಳಿದ್ರ ನಾಳಿಂದ ಕಣಜದಾಗ ಹೋಗಬ್ಯಾಡ ಅಂತಾರ. ಹೊಟ್ಟಿ ಬಂತಂದ್ರ ಹ್ಯಾಂಗೂ ಈ ಬಾಯಾಗ ಹಿಡಿಯಂಗಿಲ್ಲ ನಾ. ಆಮ್ಯಾಲ ನಿಮ್ಮ ಕೂಡ ಎಲ್ಲಿ ಮಾತಾಡ್ಲಿ ಹೇಳ್ರಿ? ಇಷ್ಟ ಮಂದಿ ಮನ್ಯಾಗ ನನಗ ಇದೊಂದೇ ಖೋಲಿ ಅದ."

ಹೊರಗೆ ಸದ್ದಿಲ್ಲ. ಅಷ್ಟರಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು: ಅಂಗಡಿಯಲ್ಲಿ ಕೊಡತಿಯ ಸದ್ದೂ ಇಲ್ಲ. ಆಮೇಲೆ ಪತ್ರಾದ ಮೇಲೆ ಮೆಲ್ಲಗೆ ಕುಟ್ಟಿದರು, ಗುರುತು ಮಾಡಿದೆ ಎನ್ನುವ ಹಾಗೆ. ಮುಚ್ಚಳ ತೆಗೆದರು.

ತಲೆ ಹೊರಗೆ ಹಾಕಿದವಳಿಗೆ ಮೊದಲು ಕಂಡದ್ದು ಎರಡು ಕಾಲು. ಹಿಮ್ಮಡಿ ಒಡೆದ, ಹೆಬ್ಬೆರಳಿಗೆ ಹಳೆಯ ಸುಟ್ಟ ಕಲೆಯಿದ್ದ ಕಾಲು. ಮಾವನ ಕಾಲು! ಆಮೇಲೆ ತಿಳಿದದ್ದು ಇಷ್ಟು. ಹೈದರಾಬಾದಿನಿಂದ ಪತ್ರಾ ತಂದ ಲಾರಿ ಬಂದು, ಇಳಿಸಿಕೊಳ್ಳಲು ಮುತ್ಯಾ ಸೀಮೆಸುಣ್ಣವನ್ನು ಕಣಜದ ಮೇಲಿಟ್ಟು ಓಡಿದ್ದರು. ಹಿತ್ತಲಿಗೆ ಬಂದ ಮಾವನಿಗೆ ಒಳಗಿನಿಂದ ಕುಟ್ಟುವುದು ಕೇಳಿಸಿದೆ. ಕುಟ್ಟಿದ ಚುಕ್ಕಿಗೆ ಗುರುತು ಹಾಕದೆ ಬಿಡುವ ಜೀವವೇ ಅದು?

ಮಾವ ಸೊಸೆಯೊಂದಿಗೆ ನೇರ ಮಾತಾಡುವವರಲ್ಲ. ಬೇವಿನ ಮರದ ಕಡೆ ತಿರುಗಿ, ಅದಕ್ಕೇ ಹೇಳುವಂತೆ, "ಎಲ್ಲಾ ಗುರ್ತ ಹಾಕೀನಿ. ಇನ್ನ ಬೆಸಗಿ ಹಚ್ಚೋದಷ್ಟೇ," ಎಂದು ಹೇಳಿ ಒಳಗೆ ಹೋದರು.

ನಾನು ಹೇಗೆ ಅಡುಗೆಮನೆ ಸೇರಿದೆನೋ ನೆನಪಿಲ್ಲ. ಆ ದಿನದ ರೊಟ್ಟಿಗಳನ್ನು ಮುಟ್ಟಿ ನೋಡಿ ಅತ್ತೆ, "ಏನವ್ವ, ನೀನೂ ಮುಚ್ಚಳಾ ಮಾಡೋದ ಕಲಿಯಾಕತ್ತಿಯೇನು?" ಎಂದರು. ಉಣ್ಣುವಾಗ ಮಾವ ಆ ರೊಟ್ಟಿಯನ್ನು ಮುರಿದು, ನೆನೆಸಿ, ಸುಮ್ಮನೆ ತಿಂದರು. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಹೆದರುತ್ತಲೇ ಇದ್ದೆ. ಅವರು ಯಾರಿಗೂ ಏನೂ ಹೇಳಲಿಲ್ಲ. ಮುತ್ಯಾನಿಗೆ ಮತ್ತೊಮ್ಮೆ ಹೇಳುವ ಧೈರ್ಯ ನನಗೂ ಉಳಿಯಲಿಲ್ಲ.

ಮುಂದಿನ ಕಣಜ ಮನ್ನಾಏಖೇಳ್ಳಿಯ ಒಬ್ಬ ಕಿರಾಣಿ ಅಂಗಡಿಯವರದು. ಇದೇ ಕಡೆಯ ಸಲವೋ ಏನೋ ಎಂದುಕೊಂಡು ನುಸುಳಿದೆ. ವಿಚಿತ್ರವೆಂದರೆ ಈ ಸಲ ಭುಜ ಉಜ್ಜಲಿಲ್ಲ, ನಡುವೂ ಸಿಕ್ಕಲಿಲ್ಲ. ಎಲ್ಲರೂ ಬಸುರಿಯಾದರೆ ಉಬ್ಬುತ್ತಾರೆ, ನಾನೊಬ್ಬಳೇ ಕರಗುತ್ತಿದ್ದೇನೋ ಎಂದು ಗಾಬರಿಯಾಯಿತು. ಮುತ್ಯಾ ಮುಚ್ಚಳ ಹಾಕಿದರು. ಮುಚ್ಚಳ ನಿಲ್ಲಲಿಲ್ಲ. ಠಣ್ ಎಂದು ಒಳಗೆ ಬಿದ್ದು, ಉರುಳಿಕೊಂಡು ಬಂದು ನನ್ನ ಮಡಿಲಲ್ಲಿ ಕೂತಿತು.

ಮುಚ್ಚಳ ಕತ್ತರಿಸುವವರು ಮುತ್ಯಾ, ಬಾಯಿ ಕತ್ತರಿಸುವವರು ಮಾವ. ಗೋಡೆಗೆ ತೂಗುಹಾಕಿದ ಹಳೆಯ ಅಳತೆಯ ತಗಡಿನಿಂದಲೇ ಎಂದಿನಂತೆ ಮುಚ್ಚಳ ಕತ್ತರಿಸಿದ್ದರು ಇವರು. ಬಾಯಿಯೇ ಒಂದು ಬೆರಳು ದೊಡ್ಡದಾಗಿತ್ತು. ಮುತ್ಯಾ ಬಾಯಿಯೊಳಗೆ ಮುಖ ಹಾಕಿ ನೋಡಿದರು.

"ಅಪ್ಪಂದು ಅಳತಿ ತಪ್ಪ್ಯಾದ! ಅಪ್ಪಂದು!" ಎಂದರು. ಸೂರ್ಯ ಪಡುವಣದಲ್ಲಿ ಮೂಡಿದ್ದರೂ ಅಷ್ಟು ಬೆರಗಾಗುತ್ತಿರಲಿಲ್ಲ.

ಮಡಿಲಲ್ಲಿ ಮುಚ್ಚಳವಿಟ್ಟುಕೊಂಡ ನನಗೆ ಎಲ್ಲ ಅರ್ಥವಾಯಿತು. "ಮಾರಿ ಆಕಡಿ ತಗೋರಿ, ಹೇಳ್ತೀನಿ," ಎಂದೆ. ಅವರು ಮುಖ ತೆಗೆದರು. ಹೇಳಿದೆ. ಅವರು ಏನು ಮಾಡಬೇಕೋ ತಿಳಿಯದೆ, ಒಳಗೆ ಕೈಹಾಕಿ ಮುಚ್ಚಳ ತೆಗೆದುಕೊಂಡು ಮತ್ತೆ ಬಾಯಿಗೆ ಹಚ್ಚಿದರು. ಅದು ಮತ್ತೆ ಒಳಗೆ ಬಿತ್ತು.

ಅಂಗಡಿಯಲ್ಲಿ ಮಾವನನ್ನು ಕೇಳಿದಾಗ ಅವರು ತಲೆಯೆತ್ತಲಿಲ್ಲ. "ಕಣ್ಣ ಮಂಜಾಗ್ಯಾವ. ಮುಚ್ಚಳಾ ಬ್ಯಾರೆ ಕತ್ತರಸು," ಎಂದರಷ್ಟೇ. ಕಣಜ ಒಯ್ಯಲು ಬಂದ ಕಿರಾಣಿಯವರು ಬಿಡುತ್ತಾರೆಯೇ?

"ಏನ್ ಮಾಸ್ತರ್, ಈ ಬಾಯಾಗ ಎಮ್ಮಿಕರಾ ಹೋಗ್ತದಲ್ರಿ!"

"ವಯಸ್ಸಾತ್ರಿ. ಕೈ ಮೊದಲಿನಂಗ ಇಲ್ಲ."

ಮೊಳೆಯ ಗೆರೆಯ ಆಚೆ ಈಚೆ ಕತ್ತರಿ ಹೋಗಗೊಡದ ಮನುಷ್ಯ ಅಂಗಡಿಯ ಕಟ್ಟೆಯ ಮೇಲೆ, ನಾಲ್ಕು ಜನರೆದುರು, ತಮ್ಮ ಕೈ ತಪ್ಪಿದೆ ಎಂದು ಒಪ್ಪಿಕೊಂಡರು. ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದ ನನಗೆ ಹೊಗೆ ಇಲ್ಲದೆಯೇ ಕಣ್ಣುರಿಯಿತು.

ಅತ್ತೆಗೆ ತಿಳಿಸಬೇಕಲ್ಲ ಎಂದು ನಾನು ನೆಲ ಕೆರೆಯುತ್ತ ನಿಂತಾಗ ಅವರೇ ಗದರಿದರು. "ನಿನ್ನ ಮಾರಿ ನೋಡಿ ಎಂದೋ ತಿಳಕೊಂಡೀನಿ. ಯಾವಾಗ ಬಾಯಿ ಬಿಡ್ತಾಳ ಈಕಿ ಅಂತ ಕಾಯಾಕತ್ತಿದ್ದೆ."

"ಕಣಜದಾಗ..." ಎಂದೆ.

"ಅವರೇ ಬಾಯಿ ದೊಡ್ಡದ ಮಾಡ್ಯಾರ. ನಂದೇನ್ ತಕರಾರ? ಆದ್ರ ಮೆಲ್ಲಕ ಹೋಗು," ಎಂದು ಹಳೆಯ ಕೌದಿಯೊಂದನ್ನು ಮಡಚಿ ಕೊಟ್ಟರು, ಬಾಯಿಯ ಅಂಚಿಗೆ ಹಾಕಿಕೊಳ್ಳಲು. ಮಾವ ಏನು ಕೇಳಿಸಿಕೊಂಡಿದ್ದರು ಎಂಬುದು ಅತ್ತೆಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೀಗೆ ನಿಮ್ಮಪ್ಪ ನನ್ನ ಹೊಟ್ಟೆಯಲ್ಲಿ ಬೆಳೆದಂತೆಲ್ಲ ಕಣಜದ ಬಾಯಿಯೂ ಬೆಳೆಯಿತು. ಕೊಡಂಬಲದ ಕಣಜಕ್ಕಿಂತ ಮನ್ನಾಏಖೇಳ್ಳಿಯದು ದೊಡ್ಡದು, ಅದಕ್ಕಿಂತ ನನ್ನ ತವರೂರಿಗೆ ಹೋದದ್ದು ದೊಡ್ಡದು. ಹುಮನಾಬಾದಿನ ಸುತ್ತಲ ಊರುಗಳಲ್ಲಿ ಅವು ಇನ್ನೂ ಕೆಲವರ ಮನೆಯಲ್ಲಿವೆಯಂತೆ. ನಿಮಗೆ ಈಗ ಹೊಟ್ಟೆಯೊಳಗಿನ ಕೂಸಿನ ಫೋಟೋ ತೆಗೆದು ಕೊಡುತ್ತಾರೆ. ನಿಮ್ಮಪ್ಪನ ಫೋಟೋ ಇಲ್ಲ, ಅಳತೆಯಿದೆ.

ಏಳನೆಯ ತಿಂಗಳಿಗೆ ಹಸಿರು ಬಳೆ ತೊಡಿಸಿ, ಕುಬಸ ಮಾಡಿ ಹೊಸ ಕುಪ್ಪಸ ಕೊಟ್ಟು, ನನ್ನನ್ನು ಬೇಮಳಖೇಡಕ್ಕೆ ಕಳಿಸಿದರು. ಅಂತೂ ಆ ಹಳೆಯ ಕುಪ್ಪಸದ ಸಾಲ ಅವತ್ತು ತೀರಿತು. ಬಸ್ಸಿನಲ್ಲಿ ಕೂತಾಗ ತವರಿನ ಸಂತೋಷಕ್ಕಿಂತ ಬೇರೆ ಚಿಂತೆಯೇ ಹೆಚ್ಚಾಗಿತ್ತು. ಕೂಸು ಎತ್ತಿಕೊಂಡು ತಿರುಗಿ ಬಂದ ಮೇಲೆ ಕಣಜದೊಳಗೆ ಕೂಡಲು ಆಗುವುದಿಲ್ಲ. ಮಾವ ಎಷ್ಟೆಂದು ಬಾಯಿ ದೊಡ್ಡದು ಮಾಡಿಯಾರು? ಅಲ್ಲಿಗೆ ನಮ್ಮ ಮಾತು ಮುಗಿದ ಹಾಗೆಯೇ.

ಬಾಣಂತನ ಮುಗಿಸಿ ಬಂದ ದಿನ, ಆರತಿ ಎತ್ತಿ ಒಳಗೆ ಕರೆದುಕೊಂಡ ಅತ್ತೆಯ ಬಾಯಲ್ಲಿ ಒಂದೇ ದೂರು.

"ಗಿರಾಕಿ ಬಂದು ಪತ್ರಾ ಕೇಳಿದ್ರ ಇಲ್ಲ ಅಂತಾರ. ಇಲ್ಲಿ ಬಂದು ನೋಡು, ಎಲ್ಲಿ ಹಾಕ್ಯಾರ ಅಂತ."

ಹಿತ್ತಲಲ್ಲಿ, ಬೇವಿನ ಮರದ ಮಗ್ಗುಲಲ್ಲಿ ಒಂದು ಖೋಲಿ ಎದ್ದಿತ್ತು. ಗೋಡೆಯೂ ಪತ್ರಾ, ಮಾಡೂ ಪತ್ರಾ. ಹಾಳೆಗೆ ಹಾಳೆ ಮಡಿಕೆ ಹಾಕಿ ಸಿಕ್ಕಿಸಿದ್ದರು. ಕೂಡಿದ ಗೆರೆಯ ಮೇಲೆ ಬೆರಳಾಡಿಸಿದರೆ ನೀರಿನಂತೆ ಜಾರುತ್ತಿತ್ತು. ಕಣ್ಣು ಮಂಜಾದವರ ಕೆಲಸವಾಗಿರಲಿಲ್ಲ ಅದು. ಚಿಲಕವಿದ್ದ ಒಂದು ಬಾಗಿಲು. ಮಾವ ಬೇವಿನ ಮರಕ್ಕೆ ಹೇಳಿದರು: "ಸಾಮಾನ ಇಡಾಕ."

ಒಳಗೆ ಸಾಮಾನೇನೂ ಇರಲಿಲ್ಲ. ಒಂದು ಹೊಸ ಚಾಪೆ, ಒಂದು ತೊಟ್ಟಿಲು.

ಸಂಜೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ನಾನು ಚಾಪೆಯ ಮೇಲೆ ಕೂತೆ. ಮುತ್ಯಾ ಎದುರಿಗೆ ಕೂತರು. ಇಷ್ಟು ತಿಂಗಳು ಕೂಡಿಟ್ಟ ಮಾತು ಎದೆಯ ತುಂಬ ಇತ್ತು. ಅವರು ನನ್ನ ಮುಖ ನೋಡಿದರು, ನಾನು ಚಾಪೆಯ ಎಳೆ ನೋಡಿದೆ. ಅವರು ಕೂಸಿನ ಕಾಲ್ಬೆರಳು ಮುಟ್ಟಿದರು, ನಾನು ಕುಂಚಿಗೆ ಸರಿಮಾಡಿದೆ. ಖೋಲಿ ಬಂತು, ದನಿ ಬರಲಿಲ್ಲ. ನನಗೆ ಅಳುವೇ ಬಂತು.

"ನಾ ಹೊರಗ ನಿಲ್ಲಲೇನು?" ಎಂದರು ಮುತ್ಯಾ, ಮೆಲ್ಲಗೆ.

ತಲೆಯಾಡಿಸಿದೆ. ಅವರು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಗೋಡೆಯ ಆಚೆ ಅವರ ಹೆಜ್ಜೆ ಬಂದು ನಿಂತಿತು.

"ಕೇಳಾಕತ್ತದೇನ್ರಿ?" ಎಂದೆ.

"ಕೇಳಾಕತ್ತದ. ಹೇಳು."

ಹೇಳತೊಡಗಿದೆ. ಕೂಸು ಹುಟ್ಟಿದ್ದು ಹೇಳಿದೆ, ಅದು ಮೊದಲು ಅತ್ತದ್ದು ಹೇಳಿದೆ, ನಮ್ಮವ್ವ ಅದರ ಮೂಗು ನೋಡಿ ಅಪ್ಪನದೇ ಎಂದದ್ದು ಹೇಳಿದೆ. ಅವರು ಆಚೆಯಿಂದ ಹೂಂಗುಟ್ಟುತ್ತಿದ್ದರು. ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ ಎಂದಿತು. ಮಾವನ ಚಪ್ಪಲಿಯ ಸದ್ದು. ಅದು ನಡೆದು ಬಂದು ನಿಂತಿತು. ತಾವು ಕಟ್ಟಿದ ಖೋಲಿಯ ಹೊರಗೆ ಪತ್ರಾದ ಗೋಡೆಗೆ ಕಿವಿ ಹಚ್ಚಿ ನಿಂತ ಮಗನನ್ನು ನೋಡಿದರೇನೋ, ಆ ಮನೆಯಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಒಳಗ ಹೋಗೋ ಹುಚ್ಚಾ! ಬಾಗಲಾ ಯಾತಕ್ಕ ಇಟ್ಟೀನಿ?"

ಮುತ್ಯಾ ಒಳಗೆ ಬಂದು ಚಿಲಕ ಹಾಕಿದರು. ಹೊಸ ಪತ್ರಾದ ಬಿಳಿ ಪುಡಿ ಹತ್ತಿ ಅವರ ಬಲಗಿವಿ, ಅರ್ಧ ಕೆನ್ನೆ ಬೆಳ್ಳಗಾಗಿದ್ದವು. ನಾನು ತಲೆಯೆತ್ತಿ ಅವರ ಮುಖ ನೋಡಿದೆ. ನೋಡುತ್ತಲೇ ಇದ್ದೆ.

"ಕಿವಿಗಿ ಪುಡಿ ಹತ್ಯಾದರಿ," ಎಂದೆ. "ಇಲ್ಲಿ ಬರ್ರಿ, ಒರಸ್ತೀನಿ."